ಪರದೇಶದ ಹಡಗು, ಸ್ವದೇಶದ ಕಡಲು

ಸೂರ್ಯಾಸ್ತವನ್ನು ನೋಡಲೆಂದೇ ಮನಿಲಾ ನಗರದ ಜನ ಸಂಜೆಯಾಗುತ್ತಲೂ ಕಡಲ ಕಟ್ಟೆಯ ಮೇಲೆ ನೆರೆಯುವರು. ಎದುರಿಗೆ ವಿಶಾಲವಾದ ಕೊಲ್ಲಿ. ಅದರ ಬಾಗಿಲಲ್ಲಿ ಕಾವಲುಗಾರನಂತೆ ಕುಳಿತಿರುವ ಕೊರೆಜಿಡಾರ್ ದ್ವೀಪ. 1942ರ ಮೇ ತಿಂಗಳಿನಲ್ಲಿ ಜಪಾನಿನ ಸೇನೆ ಘೋರ ಯುದ್ಧದ ಬಳಿಕ ಈ ದ್ವೀಪವನ್ನು ಹಿಡಿದುಕೊಂಡಿತು. ಎಂಬತ್ತು ವರ್ಷಗಳ ಮೇಲೆ, 2022ರ ಫೆಬ್ರವರಿಯಲ್ಲಿ, ಅದೇ ಜಪಾನಿನಿಂದ ಹೊರಟ ಬಿಳಿಯ ಹಡಗೊಂದು ಈ ಕೊಲ್ಲಿಯನ್ನು ಪ್ರವೇಶಿಸಿದಾಗ ಮನಿಲಾ ಸಂಭ್ರಮದಿಂದ ಸ್ವಾಗತಿಸಿತು. ಕಾಲದ ಮಹಿಮೆ ಇಂತಹುದು!

ಸುಮಾರು 97 ಮೀಟರ್ ಉದ್ದದ ಈ ಹಡಗು ಜಪಾನಿನ ಶಿಮೊನೊಸೆಕಿ ಎಂಬ ಊರಿನಲ್ಲಿ ನಿರ್ಮಾಣವಾದುದು. ಹೆಲಿಕಾಪ್ಟರ್ ಇಳಿಯಲು ಹಿಂಭಾಗದಲ್ಲಿ ಅಗಲವಾದ ಅಟ್ಟವಿದೆ. ಇದರ ಹೆಸರು ‘ತೆರೆಸಾ ಮಗ್ಬನುವಾ’. ತೆರೆಸಾ ಇಲೊಯಿಲೊ ಪ್ರಾಂತದ ಶಾಲಾ ಉಪಾಧ್ಯಾಯಿನಿ. ಸ್ಪೇನಿನ ದಬ್ಬಾಳಿಕೆಯ ವಿರುದ್ಧ ದಂಗೆಯೆದ್ದವರೊಡನೆ ಸೇರಿ ಕುದುರೆಯೇರಿ ಕಾದಾಡಿದಳು. ಅನಂತರ ಅಮೆರಿಕನ್ನರೊಡನೆಯೂ ಹೋರಾಡಿದಳು. ಈ ಹಡಗಿನ ತಂಗಿಗೆ ‘ಮೆಲ್ಚೋರಾ ಅಕಿನೋ’ ಎಂದು ಹೆಸರು. ಕ್ರಾಂತಿಕಾರರಿಗೆ ಅನ್ನವಿಕ್ಕಿ, ಗಾಯಗೊಂಡವರನ್ನು ಉಪಚರಿಸಿದ ಮುದುಕಿ ಆಕೆ. ಹಡಗುಗಳು ಪರದೇಶದವಾದರೂ ಹೆಸರುಗಳು ಮಣ್ಣಿನ ಮಕ್ಕಳವೇ.

ಸಾವಿರ ದ್ವೀಪಗಳ ಸಂಕಟ

ಫಿಲಿಪೀನ್ಸ್ ಒಂದು ದೇಶವೆನ್ನುವುದಕ್ಕಿಂತ ದ್ವೀಪಗಳ ಸಂತೆಯೆನ್ನಬಹುದು. ಎಣಿಸಿದರೆ 7,641 ದ್ವೀಪಗಳು. ಕರಾವಳಿಯ ಉದ್ದ 36,000 ಕಿಲೋಮೀಟರಿಗೂ ಹೆಚ್ಚು. ನಮ್ಮಲ್ಲಿ ಬಸ್ಸು ರೈಲುಗಳು ಮಾಡುವ ಕೆಲಸವನ್ನು ಅಲ್ಲಿ ದೋಣಿ ಹಡಗುಗಳು ಮಾಡುವುವು. ಇಂತಹ ನಾಡಿನಲ್ಲಿ ಕಡಲನ್ನು ಕಾಯುವ ಕೈ ದುರ್ಬಲವಾಗಿದ್ದರೆ ಏನಾಗುವುದೆಂಬುದನ್ನು 1987ರ ಡಿಸೆಂಬರ್ 20ರ ರಾತ್ರಿ ತೋರಿಸಿತು. ಕ್ರಿಸ್‌ಮಸ್ ಹಬ್ಬಕ್ಕೆಂದು ಹೊರಟವರಿಂದ ಕಿಕ್ಕಿರಿದಿದ್ದ ‘ಡೋನ್ಯಾ ಪಾಸ್’ ಎಂಬ ಹಡಗಿಗೂ ತೈಲದ ಹಡಗೊಂದಕ್ಕೂ ಡಿಕ್ಕಿಯಾಯಿತು. ಕಡಲೇ ಹೊತ್ತಿ ಉರಿಯಿತು. 4,000ಕ್ಕೂ ಹೆಚ್ಚು ಜನ ಮಡಿದರು. ಬದುಕಿ ಉಳಿದವರು 26 ಮಂದಿ ಮಾತ್ರ. ಅಪಘಾತದ ಸುದ್ದಿ ಅಧಿಕಾರಿಗಳಿಗೆ ಮುಟ್ಟುವುದಕ್ಕೇ ಸುಮಾರು 8 ಗಂಟೆ ಹಿಡಿಯಿತು.

1967ರಲ್ಲಿ ಹುಟ್ಟಿದ ಫಿಲಿಪೀನ್ಸಿನ ಕರಾವಳಿ ಕಾವಲು ಪಡೆ ಆಗ ನೌಕಾಸೇನೆಯ ಒಂದು ಅಂಗವಾಗಿತ್ತು. 1998ರಲ್ಲಿ ಅದನ್ನು ಸೇನೆಯಿಂದ ಬೇರ್ಪಡಿಸಿ ನಾಗರಿಕ ಸಂಸ್ಥೆಯನ್ನಾಗಿ ಮಾಡಿದರು. ಕೇವಲ ಕಾಗದಪತ್ರದ ಬದಲಾವಣೆಯಂತೆ ಕಾಣುವ ಈ ನಿರ್ಧಾರವೇ ಮುಂದೆ ಪರದೇಶಗಳ ನೆರವಿಗೆ ಬಾಗಿಲು ತೆರೆಯಿತು. ಏಕೆಂದರೆ, ಯುದ್ಧಾನಂತರದ ಜಪಾನು ತನ್ನ ಅಭಿವೃದ್ಧಿ ಸಾಲವನ್ನು ಅನ್ಯದೇಶದ ಸೈನ್ಯಕ್ಕೆ ಕೊಡುವುದಿಲ್ಲ. ಜೀವರಕ್ಷಣೆ ಮಾಡುವ ನಾಗರಿಕ ಪಡೆಗೆ ಕೊಡಲು ಅಡ್ಡಿಯಿಲ್ಲ.

ಮೊದಲಿಗೆ ಆಸ್ಟ್ರೇಲಿಯದಲ್ಲಿ ಕಟ್ಟಿದ ಎಂಟು ನಾವೆಗಳು ಬಂದವು. 2016ರಿಂದ 2018ರವರೆಗೆ ಜಪಾನಿನಿಂದ 44 ಮೀಟರಿನ ಹತ್ತು ನಾವೆಗಳು ಬಂದವು. ಈ ಹತ್ತಕ್ಕೆ ‘ಪರೋಲಾ’ ವರ್ಗವೆಂದು ಹೆಸರು. ಪರೋಲಾ ಎಂದರೆ ಅವರ ನುಡಿಯಲ್ಲಿ ದೀಪಸ್ತಂಭ. 2020ರಲ್ಲಿ ಫ್ರಾನ್ಸಿನಿಂದ ‘ಗಾಬ್ರಿಯೇಲಾ ಸಿಲಾಂಗ್’ ಬಂದಿತು. ಭಾರತವೂ ಈ ಸ್ನೇಹಕೂಟದಿಂದ ದೂರ ಉಳಿಯಲಿಲ್ಲ. 2023ರ ಆಗಸ್ಟಿನಲ್ಲಿ ಎರಡೂ ದೇಶಗಳ ಕರಾವಳಿ ಪಡೆಗಳು ದೆಹಲಿಯಲ್ಲಿ ಒಡಂಬಡಿಕೆ ಮಾಡಿಕೊಂಡವು. ಕಡಲಿಗೆ ಚೆಲ್ಲಿದ ತೈಲವನ್ನು ತೆಗೆಯಲೆಂದೇ ನಿರ್ಮಿಸಿದ ಭಾರತದ ‘ಸಮುದ್ರ ಪಹರೆದಾರ್’ 2024ರ ಮಾರ್ಚಿಯಲ್ಲಿ ಮನಿಲಾ ರೇವಿಗೆ ಭೇಟಿಯಿತ್ತಿತು. ಹಿಂದಿನ ವರ್ಷವಷ್ಟೇ ಮಿಂಡೋರೋ ದ್ವೀಪದ ಬಳಿ 8 ಲಕ್ಷ ಲೀಟರ್ ತೈಲ ಹೊತ್ತ ಹಡಗು ಮುಳುಗಿ, ಬೆಸ್ತರ ಬದುಕು ಕಪ್ಪಾಗಿತ್ತು. ಆಗಲೂ ನೆರವಿಗೆ ಜಪಾನಿನ ತಜ್ಞರು ಧಾವಿಸಿದ್ದರು.

ಗಂಜಿ ಮತ್ತು ಮಳೆನೀರು

ಮನಿಲಾದಿಂದ ನೈಋತ್ಯಕ್ಕೆ ಹೋದರೆ, ಕಡಲಿನಲ್ಲಿ ಚಾಚಿದ ತೋಳಿನಂತೆ ನೀಳವಾದ ಪಲವಾನ್ ದ್ವೀಪ ಸಿಗುತ್ತದೆ. ಹಸುರು ಬೆಟ್ಟ, ಸುಣ್ಣಕಲ್ಲಿನ ಗುಹೆ, ತಿಳಿಯಾದ ನೀರು, ಎರಡೂ ಮಗ್ಗುಲಿಗೆ ಬಿದಿರಿನ ರೆಕ್ಕೆ ಕಟ್ಟಿದ ‘ಬಾಂಕಾ’ ದೋಣಿಗಳು. ಇಲ್ಲಿನ ಮುಖ್ಯ ಪಟ್ಟಣ ಪೋರ್ಟೊ ಪ್ರಿನ್ಸೆಸಾ. ಪ್ರವಾಸಿಗಳಿಗೆ ಇದು ಭೂಲೋಕದ ಸ್ವರ್ಗ. ಆದರೆ ದ್ವೀಪದ ಪಶ್ಚಿಮಕ್ಕಿರುವ ಕಡಲು ವಿವಾದದ ಕಡಲು. ಚೀನಾ ಅದನ್ನು ತನ್ನದೆನ್ನುತ್ತದೆ. 2016ರ ಜುಲೈನಲ್ಲಿ ಹೇಗ್ ನಗರದ ಪಂಚಾಯ್ತಿ ಮಂಡಳಿ ಫಿಲಿಪೀನ್ಸಿನ ಪರವಾಗಿ ಕೊಟ್ಟ ತೀರ್ಪನ್ನು ಅದು ಒಪ್ಪಿಲ್ಲ.

ಪಲವಾನಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ಸಬೀನಾ ಎಂಬ ಹವಳದ ದಿಬ್ಬವಿದೆ. ಅಲ್ಲಿ ಹವಳದ ಪುಡಿ ರಾಶಿಬಿದ್ದುದನ್ನು ಕಂಡು, ಯಾರೋ ಕೃತಕ ದ್ವೀಪ ಕಟ್ಟುವರೇನೋ ಎಂಬ ಶಂಕೆಯಿಂದ 2024ರ ಏಪ್ರಿಲಿನಲ್ಲಿ ‘ತೆರೆಸಾ ಮಗ್ಬನುವಾ’ವನ್ನು ಕಾವಲಿಗೆ ಕಳುಹಿಸಿದರು. ಹಡಗು ಅಲ್ಲಿಯೇ ಲಂಗರು ಹಾಕಿ ಐದು ತಿಂಗಳು ನಿಂತಿತು. ಸುತ್ತಲೂ ಚೀನೀ ಹಡಗುಗಳು ನೆರೆದುವು. ಆಗಸ್ಟ್ 31ರಂದು ಡಿಕ್ಕಿಯೂ ಆಯಿತು; ತಪ್ಪು ನಿಮ್ಮದೆಂದು ಎರಡೂ ಕಡೆಯವರು ಪರಸ್ಪರ ದೂರಿದರು. ದವಸಧಾನ್ಯ ತರುವ ನಾವೆಗಳನ್ನು ಚೀನಾ ತಡೆಯುತ್ತಿದೆಯೆಂದು ಮನಿಲಾ ಆಪಾದಿಸಿತು.

ಸೆಪ್ಟೆಂಬರ್ 15ರಂದು ಹಡಗು ಪೋರ್ಟೊ ಪ್ರಿನ್ಸೆಸಾ ರೇವಿಗೆ ಮರಳಿದಾಗ ದಡದಲ್ಲಿದ್ದವರ ಕಣ್ಣುಗಳು ತೇವಗೊಂಡುವು. ಕೆಲವು ನಾವಿಕರನ್ನು ಡೋಲಿಯ ಮೇಲೆ ಮಲಗಿಸಿ ಇಳಿಸಬೇಕಾಯಿತು. ವಾರಗಟ್ಟಲೆ ಅವರು ಅಕ್ಕಿಯ ಗಂಜಿಯನ್ನು ಕುಡಿದು, ಮಳೆನೀರನ್ನು ಹಿಡಿದು ಜೀವ ಉಳಿಸಿಕೊಂಡಿದ್ದರು. ನಮ್ಮ ಕರಾವಳಿಯ ಜನಕ್ಕೆ ಗಂಜಿಯ ಬೆಲೆ ಗೊತ್ತು. ಮನೆಯಲ್ಲಿ ಉಪ್ಪಿನಕಾಯಿಯೊಡನೆ ಕುಡಿಯುವ ಗಂಜಿ ಬೇರೆ. ಕಾಣುವಷ್ಟು ದೂರವೂ ನೀರೇ ಇದ್ದು ಕುಡಿಯಲು ಹನಿ ನೀರಿಲ್ಲದ ಕಡೆ ಕುಡಿಯುವ ಗಂಜಿ ಬೇರೆ.

ಹಡಗು ಸಣ್ಣದಾಗಿರಲಿಲ್ಲ, ಹಳೆಯದೂ ಆಗಿರಲಿಲ್ಲ. ಕಡಲಿಗಿಳಿದು ಎರಡು ವರ್ಷ ಕಳೆದಿತ್ತಷ್ಟೆ. ಆದರೂ ಅದನ್ನು ಹಿಂದಕ್ಕೆ ಕರೆಸಿದ ಕಾರಣಗಳಲ್ಲಿ ಡಿಕ್ಕಿಯ ಏಟಿನೊಡನೆ ಹಸಿವು, ಬಾಯಾರಿಕೆ, ರೋಗಗಳೂ ಇದ್ದುವು. ಸಾಲದಿಂದ ಹಡಗು ಬರಬಹುದು. ಅದನ್ನು ಕಡಲಿನಲ್ಲಿ ನಿಲ್ಲಿಸಲು ಅದರ ಬದಲಿಗೆ ಹೋಗುವ ಮತ್ತೊಂದು ಹಡಗು, ದುರಸ್ತಿಯ ರೇವು, ಅಕ್ಕಿ, ನೀರು, ವೈದ್ಯ, ಸರದಿಯ ಮೇಲೆ ದುಡಿಯುವ ಜನ, ಇಷ್ಟೂ ಬೇಕು. ಇವನ್ನು ಸ್ವದೇಶವೇ ಒದಗಿಸಬೇಕು.

ಈ ಕೊರತೆಯ ಅರಿವು ಇಬ್ಬರಿಗೂ ಇಲ್ಲದಿರಲಿಲ್ಲ. 97 ಮೀಟರಿನ ಇನ್ನೂ ಐದು ಹಡಗುಗಳಿಗಾಗಿ 6,438 ಕೋಟಿ ಯೆನ್ ಸಾಲ ಕೊಡಲು ಜಪಾನು 2024ರ ಮೇ ತಿಂಗಳಿನಲ್ಲಿಯೇ ಒಪ್ಪಿತ್ತು. ಹಡಗುಗಳ ಜತೆಗೆ ಜಪಾನಿನ ಅಧಿಕಾರಿಗಳೂ ಮನಿಲಾಕ್ಕೆ ಬಂದು, ಹಗ್ಗ ಬಿಗಿದು ಹಡಗನ್ನು ಎಳೆಯುವ ವಿದ್ಯೆಯೇ ಮೊದಲಾದವನ್ನು ಕಲಿಸಿದ್ದಾರೆ.

2025ರ ಜೂನಿನಲ್ಲಿ ‘ತೆರೆಸಾ ಮಗ್ಬನುವಾ’ ಮತ್ತೆ ಹುಟ್ಟಿದ ನಾಡಿಗೆ ಹೋಯಿತು, ಈ ಸಲ ಕಾವಲಿನ ಜತೆಗಾರಳಾಗಿ. ಜಪಾನಿನ ದಕ್ಷಿಣದಲ್ಲಿರುವ ಕಾಗೊಷಿಮಾ ಕೊಲ್ಲಿಯಲ್ಲಿ ಜಪಾನು, ಅಮೆರಿಕ, ಫಿಲಿಪೀನ್ಸ್ ಈ ಮೂರು ದೇಶಗಳ ಕರಾವಳಿ ಪಡೆಗಳು ಕೂಡಿ ನೀರಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸ ನಡೆಸಿದುವು. ಆ ಕೊಲ್ಲಿಯ ನಡುವೆ ಇಂದಿಗೂ ಹೊಗೆಯುಗುಳುವ ಸಕುರಾಜಿಮಾ ಎಂಬ ಜ್ವಾಲಾಮುಖಿಯಿದೆ. ಒಂದು ಕಾಲಕ್ಕೆ ಕೊರೆಜಿಡಾರಿನ ಬಂಡೆಗಳ ಮೇಲೆ ಒಬ್ಬರನ್ನೊಬ್ಬರು ಕೊಂದವರ ಮೊಮ್ಮಕ್ಕಳು, ಮರಿಮಕ್ಕಳು ಅದರ ಎದುರಿನಲ್ಲಿ ಒಂದೇ ಕಡಲಿನಲ್ಲಿ ಜೀವ ಉಳಿಸುವ ಪಾಠವನ್ನು ಒಟ್ಟಿಗೆ ಓದಿದರು.