ಹಾಯಿಯ ಬಟ್ಟೆ

ಹುಮನಾಬಾದಿನಲ್ಲಿ ಅರಿವೆಯ ವ್ಯಾಪಾರ ಮಾಡಿಕೊಂಡಿರುವ ನಮ್ಮನ್ನು ದೋಣಿಯ ಹಾಯಿಯ ವಿಷಯವಾಗಿ ಯಾರಾದರೂ ಆಲೋಚನೆ ಕೇಳುವರೆಂದು ನಾವು ಎಣಿಸಿದ್ದಿಲ್ಲ. ನಮ್ಮ ಸೀಮೆಗೆ ಕಡಲು ದೂರ. ನೆರೆಯ ಬಸವಕಲ್ಯಾಣದಲ್ಲಿ ಅಂಬಿಗರ ಚೌಡಯ್ಯನ ಹೆಸರು ಜನರ ಬಾಯಲ್ಲಿರುವದು. ಹುಲ್ಲಿನ ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನ ನೆನಪಿರುವದು. ತ್ರಿಪುರಾಂತಕ ಕೆರೆಯೂ ಇರುವದು. ಅಂಬಿಗ, ಹಗ್ಗ, ನೀರು ಮೂರೂ ಉಂಟು, ಹಾಯಿಯೊಂದೇ ಇಲ್ಲ.

ಆದರೆ ೧೯೫೬ರ ವರೆಗೆ ನಮ್ಮ ಜಿಲ್ಲೆಯು ಹೈದರಾಬಾದ ರಾಜ್ಯದಲ್ಲಿದ್ದುದರಿಂದ ಕೊಡುಕೊಳ್ಳುವ ಸಂಬಂಧಗಳು ಇಂದಿಗೂ ಆ ಪಟ್ಟಣದೊಡನೆ ಹೆಚ್ಚು. ನಮ್ಮ ಅಕ್ಕನನ್ನು ಕೊಟ್ಟದ್ದೂ ಅಲ್ಲಿಯೇ. ಅವಳ ಮಗನೂ ಮಗಳೂ ಹುಸೇನಸಾಗರದಲ್ಲಿ ಹಾಯಿದೋಣಿ ನಡೆಸುವದನ್ನು ಕಲಿತು, ಹದಿಮೂರು ಅಡಿಯ ಹಳೆಯ ದೋಣಿಯೊಂದನ್ನು ಸಂಪಾದಿಸಿದ್ದಾರೆ. ಅದಕ್ಕೆ ಎರಡು ಹಾಯಿಗಳು: ಕೂವೆಮರಕ್ಕೆ ಕಟ್ಟಿದ ದೊಡ್ಡದೊಂದು, ಅದರ ಮುಂದೆ ‘ಜಿಬ್’ ಎಂಬ ಮೂರು ಮೂಲೆಯ ಚಿಕ್ಕದೊಂದು. ಕಳೆದ ಶ್ರಾವಣದಲ್ಲಿ ಬಿರುಗಾಳಿಯೊಂದು ಬಂದು ದೋಣಿ ಮಗುಚಿತು. ಲೈಫ್ ಜಾಕೆಟ್ಟುಗಳ ಪುಣ್ಯದಿಂದ ಮಕ್ಕಳಿಬ್ಬರೂ ನೀರು ಕುಡಿದುದಷ್ಟೇ ಆಯಿತು; ಅಕ್ಕನಿಗೆ ಮಾತ್ರ ಅಂದಿನಿಂದ ನಿದ್ರೆಯಿಲ್ಲ. ಮುಂದಿನ ಹಾಯಿ ಜೋತುಹೋಗಿದೆ, ಹೊಸತು ಬೇಕು ಎಂದು ಮಕ್ಕಳು ಹಟ ಹಿಡಿದರು. ಅಡಿಗೆಮನೆಯ ಸೂರು ಸೋರುವದನ್ನು ನಿಲ್ಲಿಸಲೆಂದು ಅಕ್ಕ ಕೂಡಿಸಿಟ್ಟ ಹಣವೊಂದೇ ಮನೆಯಲ್ಲಿತ್ತು. “ಬಟ್ಟೆಯ ಮಾತು ನಿನಗೆ ತಿಳಿಯುವದು. ದೋಣಿಯನ್ನೇ ಮಾರಿಬಿಡಬೇಕೋ, ಬಟ್ಟೆ ಬದಲಿಸಿದರೆ ಸಾಕೋ, ಬಂದು ನೋಡಿ ಹೇಳು” ಎಂದಳು.

ಹೋಗಿ ಹಳೆಯ ಹಾಯಿಯನ್ನು ಪಡಸಾಲೆಯಲ್ಲಿ ಹಾಸಿ ನೋಡಿದೆವು. ಅದು ಪಾಲಿಯೆಸ್ಟರ್ ನೂಲಿನ ನೇಯ್ಗೆ. ಈ ನೂಲನ್ನು ಇಂಗ್ಲೆಂಡಿನಲ್ಲಿ ೧೯೪೧ರಲ್ಲಿ ಕಂಡುಹಿಡಿದರು. ಅದಕ್ಕೆ ಮೊದಲು ಹಾಯಿಗಳೆಲ್ಲ ಹತ್ತಿಯವು, ನಾರಿನವು. ಹಾಸಿನ ಉದ್ದಕ್ಕೂ ಹೊಕ್ಕಿನ ಉದ್ದಕ್ಕೂ ಜಗ್ಗಿದರೆ ಯಾವ ಒಳ್ಳೆಯ ಬಟ್ಟೆಯೂ ಹೆಚ್ಚು ಹಿಗ್ಗದು. ಓರೆಯಾಗಿ ಜಗ್ಗಿದರೆ ಹಿಗ್ಗುವದು. ಸೀರೆಯ ಸೆರಗನ್ನು ಮೂಲೆಗಳಲ್ಲಿ ಹಿಡಿದು ಎಳೆದ ಗೃಹಿಣಿಯರಿಗೆಲ್ಲ ಇದು ಗೊತ್ತು. ಹಾಯಿಬಟ್ಟೆಯಲ್ಲಿ ಈ ಓರೆಹಿಗ್ಗನ್ನು ತಡೆಯಲು ಅಂಟು ತುಂಬಿರುತ್ತಾರೆ. ಅದರಿಂದಲೇ ಹೊಸ ಹಾಯಿ ಕಾಗದದಂತೆ ಸಪ್ಪಳ ಮಾಡುವದು. ನಮ್ಮ ಕೈಯಲ್ಲಿದ್ದುದು ಹಳೆಯ ಧೋತರದಂತೆ ಮೆತ್ತಗಾಗಿತ್ತು. ಬಿಸಿಲಿಗೆ ಹೊಲಿಗೆಯ ದಾರವು ಉಗುರು ತಾಕಿಸಿದರೆ ಕಡಿಯುತ್ತಿತ್ತು. ಹೀಗೆ ಹಿಗ್ಗಿದ ಹಾಯಿಯಲ್ಲಿ ಹೊಟ್ಟೆಯು ಹಿಂದಕ್ಕೆ ಸರಿಯುವದು. ಆಗ ಗಾಳಿಯು ದೋಣಿಯನ್ನು ಮುಂದಕ್ಕೆ ನೂಕುವದಕ್ಕಿಂತ ಮಗ್ಗುಲಿಗೆ ಹೆಚ್ಚಾಗಿ ಬಾಗಿಸುವದು. ಬಿರುಗಾಳಿಯ ಬಲದ ಮುಂದೆ ಹೊಸ ಹಾಯಿಯೂ ಸೋಲಬಹುದು. ಆದರೂ ಮಕ್ಕಳ ದೂರಿನಲ್ಲಿ ಹುರುಳಿತ್ತು.

ಹೊಸದರಲ್ಲಿ ಯಾವದು? ಹುಡುಗನಿಗೆ ಕೂವೆಮರವನ್ನು ದಾಟಿ ಹಿಂದಕ್ಕೆ ಚಾಚುವ ದೊಡ್ಡ ಹಾಯಿಯ ಆಶೆ. ಅದೂ ತೆಳುವಾದ ಪದರಗಳನ್ನು ಅಂಟಿಸಿ ಮಾಡಿದ, ಗಾಜಿನಂತೆ ಹೊಳೆಯುವ ಬಟ್ಟೆಯದು. ಅದು ಆಕಾರವನ್ನು ಚೆನ್ನಾಗಿ ಹಿಡಿಯುವದು ನಿಜ. ಆದರೆ ಮಡಿಸಿದರೆ ಕೆಡುವದು, ನೇಯ್ದ ಬಟ್ಟೆಯಷ್ಟು ಬಾಳದು. ಪಂದ್ಯಗಳಿಗೆ ಹೋಗುವವರಿಗೆ ತಕ್ಕುದಾಗಿರಬಹುದು. ದಖ್ಖನಿನ ಬಿಸಿಲಿನಲ್ಲಿ ವಿಹರಿಸುವವರಿಗೆ ನೇಯ್ದ ಪಾಲಿಯೆಸ್ಟರೇ ಲೇಸೆಂದು ನಮಗೆ ತೋರಿತು. ಮಂದಗಾಳಿಯಲ್ಲಿ ದೊಡ್ಡ ಹಾಯಿ ಉಪಕಾರಿಯೇ. ಆದರೆ ಮಳೆಗಾಲದ ಗಾಳಿಯಲ್ಲಿ ಅದರ ಹಗ್ಗವನ್ನು ಹಿಡಿಯುವವರ ತೋಳಿಗೂ ತೂಕಕ್ಕೂ ಅದು ತಕ್ಕುದಾಗಿರಬೇಕಲ್ಲವೆ?

ಅಷ್ಟುಹೊತ್ತು ಸುಮ್ಮನಿದ್ದ ಹುಡುಗಿ ಅಂಗೈ ತೋರಿಸಿದಳು. ಅಡ್ಡಕ್ಕೆ ಎರಡು ಕೆಂಪು ಬರೆಗಳಿದ್ದವು. “ಮಾಮಾ, ಹಗ್ಗ ಹಿಡಿಯಾಕಿ ನಾನು. ಹಾಯಿ ಆರಿಸಾಂವ ಅಣ್ಣ ಏನು?”

ಅಣ್ಣನಿಗೆ ಉತ್ತರ ಹೊಳೆಯಲಿಲ್ಲ. ಅಂಗೈಯನ್ನು ನೋಡಿದ ಅಕ್ಕನೂ ದೋಣಿ ಮಾರುವ ಮಾತನ್ನು ಎತ್ತುವಳೆಂದು ನಾವು ಅಂಜಿದ್ದೆವು. ಅವಳು ಒಳಗೆ ಹೋಗಿ ಅರಿಸಿನ ಎಣ್ಣೆ ತಂದು ಸವರಿ, “ಹಾಗಾದರೆ ಇವಳು ಹೇಳಿದ್ದೇ ಆಗಲಿ” ಎಂದಳು. ನಮ್ಮ ಅಕ್ಕನ ಸ್ವಭಾವವು ನಮಗೇ ಪೂರ್ತಿ ತಿಳಿದಿಲ್ಲ.

ಹುಡುಗಿ ಹೇಳಿದ್ದು ಎರಡೇ ಮಾತು. ಹಾಯಿ ಕೂವೆಮರವನ್ನು ದಾಟಬಾರದು. ಕೆಳಭಾಗದಲ್ಲಿ ಪಾರದರ್ಶಕವಾದ ಕಿಟಕಿಯೊಂದಿರಬೇಕು. ಎರಡನೆಯದು ನಮಗೆ ಹೊಳೆದೇ ಇರಲಿಲ್ಲ. ೧೯೯೨ರಲ್ಲಿ ಕೆರೆಯ ನಡುವೆ ನಿಲ್ಲಿಸಿದ ಬುದ್ಧನ ಮೂರ್ತಿಯನ್ನು ನೋಡಲು ಜನರನ್ನು ಹೊತ್ತ ಯಂತ್ರದೋಣಿಗಳು ತಿರುಗಾಡುತ್ತವೆ. ದೋಣಿ ಬಾಗಿ ಸಾಗುವಾಗ ಮುಂದಿನ ಹಾಯಿಯು ಒಂದು ಮಗ್ಗುಲನ್ನೆಲ್ಲ ಮರೆಮಾಡುವದು. ಕಿಟಕಿಗೆ ಹೆಚ್ಚಿನ ಬೆಲೆ ಬಿದ್ದರೂ ಚೌಕಾಶಿ ಮಾಡಲು ನಮಗೆ ಮನಸ್ಸಾಗಲಿಲ್ಲ. ವ್ಯಾಪಾರಿಗಳಾದ ನಮಗೆ ಇದು ಅಪರೂಪ.

ಅಳತೆಯ ಕೆಲಸವನ್ನು ನಾವೇ ವಹಿಸಿಕೊಂಡೆವು. ಹಿಗ್ಗಿದ ಹಳೆಯ ಹಾಯಿಯನ್ನು ಅಳೆದು ಕಳಿಸಿದರೆ ಆ ಹಿಗ್ಗೇ ಹೊಸದಕ್ಕೂ ಬರುವದಷ್ಟೆ. ಆದುದರಿಂದ ದೋಣಿಯ ಬಳಿಗೆ ಹೋಗಿ, ಮೇಲಿನ ಕೊಂಡಿಯಿಂದ ಕೆಳಗಿನ ಕೊಂಡಿಯವರೆಗೆ ಹಿಗ್ಗದ ಪಟ್ಟಿಯನ್ನು ಏರಿಸಿ ಅಳೆದೆವು. ಹಗ್ಗವು ಹಾಯುವ ಕಣ್ಣು ದೋಣಿಯಲ್ಲಿ ಎಲ್ಲಿರುವದೆಂಬುದನ್ನೂ ಬರೆದುಕೊಂಡೆವು. ಅದು ತೀರ ಹಿಂದಿದ್ದರೆ ಹಾಯಿಯ ಮೇಲ್ಭಾಗವು ಸಡಿಲಾಗಿ ಬಡಿಯುವದು. ತೀರ ಮುಂದಿದ್ದರೆ ಕೆಳಭಾಗವು ಬುಟ್ಟಿಯಂತಾಗುವದು.

ಹಾಯಿ ಬಂದಿತು. ಸೂರು ಈ ವರ್ಷವೂ ಸೋರುತ್ತಲಿದೆ; ಕೆಳಗೆ ಬೋಗುಣಿ ಇಟ್ಟಿದ್ದಾರೆ. ಕೆರೆಯಿಂದ ಬಂದೊಡನೆ ಹುಡುಗಿ ಹಾಯಿಯನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಮಡಿಸದೆ ಚಾಪೆಯಂತೆ ಸುತ್ತಿಡುವಳಂತೆ. ಹಳೆಯದನ್ನು ಅಕ್ಕ ಬಿಸಾಡಗೊಡಲಿಲ್ಲ. ಅದರಲ್ಲಿ ಗಟ್ಟಿಯಾಗಿ ಉಳಿದ ಭಾಗವನ್ನು ನಾವು ಹುಮನಾಬಾದಿಗೆ ತಂದು, ನಮ್ಮ ದರ್ಜಿಯಿಂದ ಹೊಸ ಹಾಯಿಗೆ ಉದ್ದನೆಯ ಚೀಲವೊಂದನ್ನು ಹೊಲಿಸಿ ಕಳಿಸಿದೆವು.