ಬಿಳಗಿಯ ದಾರಿಯಲ್ಲಿ ಎರಡು ದಿನ

ಬಿಳಗಿ ಎಂದೊಡನೆ ನಮ್ಮ ಓದುಗ ಬಂಧುಗಳಲ್ಲಿ ಬಹುಜನರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಬಿಳಗಿ. ನಾವು ಹೇಳಹೊರಟಿರುವುದು ಆ ಊರಿನ ಮಾತಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದಿಂದ ಪಶ್ಚಿಮಕ್ಕೆ ಎಂಟು ಕಿಲೋಮೀಟರಿನಷ್ಟು ಹೋದರೆ ಅಡಕೆ ತೋಟಗಳ ಮಗ್ಗುಲಲ್ಲಿ ಇನ್ನೊಂದು ಬಿಳಗಿಯುಂಟು. ಪಂಡಿತರ ಬಾಯಲ್ಲಿ ಅದು ಶ್ವೇತಪುರ. ಒಂದು ಕಾಲಕ್ಕೆ ಅರಸು ಮನೆತನವೊಂದರ ರಾಜಧಾನಿ. ಇಂದು ಸಣ್ಣ ಹಳ್ಳಿ. ನಮ್ಮ ಸಮಾಜದ ಕುಟುಂಬಗಳು ಈ ಸೀಮೆಗೆ ಬರುವುದೇನೋ ಉಂಟು. ಬನವಾಸಿಯ ಮಧುಕೇಶ್ವರನನ್ನು ಕಾಣುತ್ತಾರೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮಪ್ರಭು ಮದ್ದಳೆ ನುಡಿಸಿದ ಗುಡಿ ಇದೇ ಎಂದು ಮಕ್ಕಳಿಗೆ ತೋರಿಸುತ್ತಾರೆ. ಅಲ್ಲಿಂದ ಉಳವಿಗೆ ಹೊರಟುಬಿಡುತ್ತಾರೆ. ಬಿಳಗಿಯ ಕಡೆ ತಿರುಗುವವರು ವಿರಳ. ನಾವೂ ಅರವತ್ತು ದಾಟುವ ತನಕ ತಿರುಗಿರಲಿಲ್ಲ. ತಿರುಗದೆ ಇದ್ದುದಕ್ಕೆ ನಾಚಿಕೆಪಡುವ ಕಾರಣವೊಂದಿದೆ. ಅದನ್ನು ಮುಂದೆ ಹೇಳುತ್ತೇವೆ.

ಕಾರ್ತಿಕ ಕಳೆದು ಮಾರ್ಗಶಿರದ ಚಳಿ ಹಿಡಿಯುವ ದಿನಗಳಲ್ಲಿ ಹೊರಟೆವು. ಜೊತೆಗೆ ನಿವೃತ್ತ ಶಿಕ್ಷಕರಾದ ಸ್ನೇಹಿತರೊಬ್ಬರು, ಅವರ ಹತ್ತು ವರ್ಷದ ಮೊಮ್ಮಗಳು. ಮೊದಲ ದಿನ ಭುವನಗಿರಿ. ಸಿದ್ದಾಪುರದಿಂದ ಕುಮಟೆಯ ಕಡೆಗೆ ಹೋಗುವಾಗ ಸಿಗುವ ಈ ಗುಡ್ಡದ ಮೇಲೆ ಕನ್ನಡಿಗರು ತಾಯಿಯೆಂದು ಕರೆಯುವ ಭುವನೇಶ್ವರಿಯ ಗುಡಿಯಿದೆ. ಮುನ್ನೂರಕ್ಕೂ ಮೀರಿದ ಮೆಟ್ಟಿಲುಗಳು. ಹುಡುಗಿ ಎಣಿಸುತ್ತ ಹತ್ತಿದಳು, ಇನ್ನೂರರ ಮೇಲೆ ಲೆಕ್ಕ ತಪ್ಪಿ ಮತ್ತೆ ಕೆಳಗಿಳಿದು ಎಣಿಸುತ್ತೇನೆಂದು ಹಟ ಹಿಡಿದಳು. ನಮ್ಮ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಈ ಗುಡಿಯ ಕೆಲಸವನ್ನು 1692ರಲ್ಲಿ ಪೂರೈಸಿದವನು ಬಿಳಗಿಯ ಕೊನೆಯ ಅರಸ ಬಸವೇಂದ್ರನೆಂದು ಅಲ್ಲಿಯವರು ಹೇಳುತ್ತಾರೆ.

"ಬಸವೇಂದ್ರ ಅಂದರೆ ನಮ್ಮವನಾ ಅಜ್ಜಾ? ಬಿಳಗಿಯವರು ಜೈನರು ಅಂದಿದ್ದಿರಲ್ಲ?" ಎಂದು ಹುಡುಗಿ ಕೇಳಿದಳು.

ಸ್ನೇಹಿತರು ನಮ್ಮ ಮುಖ ನೋಡಿದರು. ಜಿನನಿಗೆ ಬಸದಿ ಕಟ್ಟಿದ ಮನೆತನದಲ್ಲಿಯೇ ಬಸವನ ಹೆಸರಿನವನೊಬ್ಬ ಹುಟ್ಟಿ ದೇವಿಗೆ ಗುಡಿ ಕಟ್ಟಿಸಿದ, ಅಷ್ಟನ್ನು ತಿಳಿದುಕೋ ಎಂದೆವು. ಅವಳಿಗೆ ಸಮಾಧಾನವಾಗಲಿಲ್ಲ. ನಮಗೂ ಪೂರ್ತಿಯಾಗಿ ಆಗಿತ್ತೆನ್ನಲಾರೆವು.

ಎರಡನೆಯ ದಿನ ಸಿದ್ದಾಪುರದಲ್ಲಿ ಬೆಳಗಿನ ಲಿಂಗಪೂಜೆ ಪ್ರಸಾದಗಳನ್ನು ಮುಗಿಸಿ ಬಿಳಗಿಗೆ ನಡೆದೇ ಹೊರಟೆವು. ಬಸ್ಸು ಇದೆ, ಆದರೆ ಈ ನಾಡು ಬಸ್ಸಿನ ಕಿಟಕಿಗೆ ದಕ್ಕುವಂಥದಲ್ಲ. ಬಯಲುಸೀಮೆಯ ನಮಗೆ ಹೊಲವೆಂದರೆ ಕಣ್ಣು ಹರಿಯುವವರೆಗೂ ಒಂದೇ ಹಾಸು. ಇಲ್ಲಿ ನೂರು ಹೆಜ್ಜೆಗೊಮ್ಮೆ ಭೂಮಿ ಬೇಷ ಬದಲಿಸುತ್ತದೆ. ತಗ್ಗಿನಲ್ಲಿ ಕೊಯ್ಲಾದ ಗದ್ದೆ, ಅದರ ಅಂಚಿನಲ್ಲಿ ಹಳ್ಳ, ಹಳ್ಳಕ್ಕೆ ಅಡಕೆ ದಬ್ಬೆಯ ಸಂಕ, ಸಂಕ ದಾಟಿದರೆ ತೋಟದ ನೆರಳು, ತೋಟದ ನೆತ್ತಿಯಲ್ಲಿ ಮನೆ, ಮನೆಯ ಹಿಂದೆ ಬೆಟ್ಟ. ಈ ಬೆಟ್ಟವೆಂಬ ಶಬ್ದದಲ್ಲಿ ನಾವು ಮೋಸಹೋದೆವು. ಯಾರೋ "ಬೆಟ್ಟಕ್ಕೆ ಹೋಗಿದ್ದಾರೆ" ಎಂದರೆ ಶಿಖರವನ್ನು ಹುಡುಕಿ ತಲೆಯೆತ್ತಿದೆವು. ಇಲ್ಲಿ ಅದು ಸೊಪ್ಪಿನ ಬೆಟ್ಟ: ತೋಟಕ್ಕೆ ಹಸಿರೆಲೆ, ದರಕು ತರುವುದಕ್ಕಾಗಿ ರೈತನ ಬಳಕೆಗೆ ಬಿಟ್ಟ ಕಾಡು. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಡುವ ಏರ್ಪಾಟು ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಮತ್ತಿ, ಹೊನ್ನೆ, ನಂದಿ ಮರಗಳ ಕೊಂಬೆ ಸವರಿದ ಗುರುತುಗಳು ಕಾಣುತ್ತವೆ. ಮರ ಮಾತ್ರ ನಿಂತಿರುತ್ತದೆ. ಬೆಟ್ಟ ಬೋಳಾದರೆ ತೋಟವೂ ಸೊರಗುವುದೆಂಬ ಭಯ ಈ ಸೀಮೆಯವರಿಗೆ ಉಂಟು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿನಲ್ಲಿ ಜನ ಮರಗಳನ್ನು ತಬ್ಬಿ ನಿಂತು ಕೊಡಲಿಯನ್ನು ತಡೆದ ಅಪ್ಪಿಕೋ ಚಳವಳಿ ಇಂಥ ಮಣ್ಣಿನಲ್ಲಿಯೇ ಹುಟ್ಟಿತು.

ದಾರಿಯಲ್ಲಿ ದಣಪೆಗಳು ಅನೇಕ. ಎರಡು ಕಂಬಗಳ ನಡುವೆ ಅಡ್ಡ ಗಳು ಹಾಕಿ ದನ ಒಳನುಗ್ಗದಂತೆ ಮಾಡಿದ ಬಾಗಿಲು ಅದು. ಗಳು ಸರಿಸಿ ದಾಟಿ ಮತ್ತೆ ಹಾಕಿ ಹೋಗಬೇಕು. ಮೊದಲ ದಣಪೆಯಲ್ಲಿ ನಾವು ಗಳು ಹಾಕುವುದನ್ನು ಮರೆತೆವು. ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಏನೂ ಅನ್ನದೆ ಅವನ್ನು ಹಾಕಿದಳು; ಆ ಮೌನ ಬೈಗುಳಕ್ಕಿಂತ ಚೆನ್ನಾಗಿ ಪಾಠ ಹೇಳಿತು. ಆಮೇಲಿನ ದಣಪೆಗಳನ್ನೆಲ್ಲ ಹುಡುಗಿಯೇ ತನ್ನ ಅಧಿಕಾರಕ್ಕೆ ತೆಗೆದುಕೊಂಡಳು.

ಒಂದು ಮನೆಯಂಗಳದಲ್ಲಿ ಅಡಕೆ ಸುಲಿಯುತ್ತಿದ್ದರು. ಬೇಯುವ ಹಂಡೆಯಿಂದ ಚೊಗರಿನ ವಾಸನೆ. ಹವ್ಯಕರ ಮನೆ, ಗುರುತು ಕೇಳುವ ಮೊದಲೇ "ಆಸರಿಗೆ" ಎಂದು ನೀರು ಬೆಲ್ಲ ಬಂದವು. ನಮ್ಮ ಕೊರಳ ಕರಡಿಗೆಯನ್ನು ನೋಡಿ ಯಜಮಾನರು ಎದ್ದುನಿಂತರು. ಮಗ ಬೆಂಗಳೂರಿನಲ್ಲಿದ್ದಾನಂತೆ, ಮನೆಯಲ್ಲಿ ಈಗ ಇಬ್ಬರೇ. ಎಲೆಚುಕ್ಕೆ ರೋಗ ತೋಟಕ್ಕೆ ತಾಗಿದ ಮೇಲೆ ಔಷಧ ಹೊಡೆಯುವ ಕೊನೆಗೌಡನೂ ಸಿಗುವುದಿಲ್ಲವೆಂದರು. ತಮ್ಮ ಬೇನೆಯನ್ನು ಹೇಳಿಕೊಂಡದ್ದು ಅಷ್ಟೇ; ಮಾತು ತಿರುಗಿದ್ದು 1932ರ ಕರನಿರಾಕರಣೆಯ ಕಡೆಗೆ. ಸರಕಾರಕ್ಕೆ ಕಂದಾಯ ಕೊಡೆವೆಂದು ನಿಂತು ಮನೆಮಾರು ಕಳೆದುಕೊಂಡ ಸಿದ್ದಾಪುರ ಸೀಮೆಯ ರೈತರ ಕಥೆಯನ್ನು ನಿನ್ನೆ ನಡೆದದ್ದೆಂಬಂತೆ ಹೇಳಿದರು. ಒಂದು ಗಂಟೆ ಹೋದದ್ದು ತಿಳಿಯಲಿಲ್ಲ.

ಮಕ್ಕಳೊಡನೆ ಬರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಉಂಬಳ ಕಾಲಿಗೆ ಹತ್ತುತ್ತವೆ. ಅದು ಬರಿಯ ಕಿರಿಕಿರಿ. ಜನವರಿಯಿಂದ ಮೇ ವರೆಗಿನ ದಿನಗಳು ಹಾಗಲ್ಲ. ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ ಆಗ ತಲೆಯೆತ್ತುತ್ತದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕನ್ನು ಬಹಳ ಕಾಡಿತು. ಮಂಗ ಸತ್ತುಬಿದ್ದ ಕಡೆ ಸುಳಿಯಬಾರದು, ದರಕಿನ ಮೇಲೆ ಕೂರಬಾರದು. ನವೆಂಬರ್, ಡಿಸೆಂಬರ್ ತಿಂಗಳುಗಳೇ ಲೇಸು.

ಇನ್ನು ನಮ್ಮ ನಾಚಿಕೆಯ ಕಥೆ. ಮಠದ ಪಾಠಶಾಲೆಯಲ್ಲಿ ನಮಗೆ ವ್ಯಾಕರಣ ಹೇಳಿದ ಗುರುಗಳಿಗೆ ಭಟ್ಟಾಕಳಂಕದೇವನ 'ಕರ್ಣಾಟಕ ಶಬ್ದಾನುಶಾಸನ' ಪ್ರಾಣ. 1604ರಲ್ಲಿ, 592 ಸೂತ್ರಗಳಲ್ಲಿ, ಕನ್ನಡಕ್ಕೆ ಸಂಸ್ಕೃತದಲ್ಲಿ ಬರೆದ ವ್ಯಾಕರಣ. ಕನ್ನಡವನ್ನು ಹಗುರವಾಗಿ ಕಾಣುವ ಪಂಡಿತರಿಗೆ ಅವರದೇ ಭಾಷೆಯಲ್ಲಿ ಕೊಟ್ಟ ಉತ್ತರವೆಂದು ಗುರುಗಳು ಹಿಗ್ಗುತ್ತಿದ್ದರು. ಗ್ರಂಥಕರ್ತ ಜೈನ, ಭಟ್ಕಳದ ಕಡೆಯ ಹಾಡುವಳ್ಳಿಯ ಮಠದವನು. ಹೇಳಿದವರು ವಿರಕ್ತ ಮಠದವರು. ಆ ಭೇದ ನಮ್ಮ ಪಾಠದ ಮನೆಯೊಳಗೆ ಕಾಲಿಟ್ಟದ್ದಿಲ್ಲ. ಬಿಳಗಿಯ ರತ್ನತ್ರಯ ಬಸದಿಯ ಶಾಸನ ಅಕಳಂಕರ ಗುರುಪರಂಪರೆಯನ್ನು ನೆನೆಯುತ್ತದೆಂದು ಗುರುಗಳು ಪುಸ್ತಕದಲ್ಲಿ ಓದಿದ್ದರು. "ಆ ಕಲ್ಲನ್ನೊಮ್ಮೆ ನೋಡಬೇಕು, ಕರೆದುಕೊಂಡು ಹೋಗು" ಎಂದು ಎಷ್ಟು ಸಲ ಹೇಳಿದರೋ. ಬರುವ ಬೇಸಿಗೆಗೆ ಎಂದು ನಾವು ಮುಂದೂಡುತ್ತ ಬಂದೆವು. ಅಷ್ಟರಲ್ಲಿ ಅವರ ಕಣ್ಣು ಹೋಯಿತು. ಕೊನೆಗೆ "ನೀನಾದರೂ ಹೋಗಿ ಬಾ" ಎಂದರು. ಒಂದು ವಾರ ಬೇರೆ ಊರಿನ ಕೆಲಸಕ್ಕೆ ಹೋಗಿ ಬಂದು, "ನೋಡಿ ಬಂದೆ ಬುದ್ಧೀ" ಎಂದುಬಿಟ್ಟೆವು. ಹಾಸಿಗೆ ಹಿಡಿದವರನ್ನು ನಿರಾಶೆಗೊಳಿಸಬಾರದೆಂಬ ನೆಪ. ಅವರು ಒಂದೇ ಪ್ರಶ್ನೆ ಕೇಳಿದರು: "ಅಕ್ಷರ ದುಂಡಗಿವೆಯೇನೋ?" ದುಂಡಗೆ, ದೊಡ್ಡದಾಗಿ, ಮುತ್ತಿನಂತಿವೆ ಎಂದೆವು. ಅವರ ಮುಖ ಅರಳಿತು. ಆ ವರ್ಷವೇ ಲಿಂಗೈಕ್ಯರಾದರು. ಅಂದಿನಿಂದ ಶಬ್ದಾನುಶಾಸನ ಪಾಠ ಹೇಳಲು ಕುಳಿತಾಗಲೆಲ್ಲ ಆ ಅರಳಿದ ಮುಖ ಎದುರಿಗೆ ಬರುತ್ತದೆ.

ಬಿಳಗಿ ತಲುಪಿದಾಗ ಮಧ್ಯಾಹ್ನ ತಿರುಗಿತ್ತು. ವಿರೂಪಾಕ್ಷನ ಗುಡಿಗೆ ಕೈಮುಗಿದೆವು. ಊರಿನ ಹಳೆಯ ಗೋಲಬಾವಿಯನ್ನು ಹುಡುಗಿ ಮೇಲಿನಿಂದ ಬಗ್ಗಿ ನೋಡಿ ಕೂಗುಹಾಕಿ ಪ್ರತಿಧ್ವನಿ ಕೇಳಿಸಿಕೊಂಡಳು. ಅರಮನೆ ಎಲ್ಲಿ ಎಂದು ಕೇಳಿದರೆ ಊರವರು ಕೈಮಾಡಿ ತೋರಿಸುವುದು ಗಿಡಗಂಟಿಗಳ ಕಡೆಗೆ. ಇಟಗಿಯ ರಾಮೇಶ್ವರವನ್ನು ಇನ್ನೊಮ್ಮೆಗೆಂದು ಬಿಟ್ಟೆವು. ಬಸದಿಗಾಗಿ ನಮ್ಮ ಜೀವ ತಹತಹಿಸುತ್ತಿತ್ತು.

ರತ್ನತ್ರಯವೆಂದರೆ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರ. ಗುರು ಲಿಂಗ ಜಂಗಮವೆಂಬ ನಮ್ಮ ಮೂರನ್ನು ಬಾಯಿಪಾಠ ಮಾಡಿದ್ದ ಹುಡುಗಿ ಇವನ್ನೂ ಮೂರು ಸಲ ಹೇಳಿ ಕಲಿತುಕೊಂಡಳು. ಒಳಗೆ ತಂಪು, ಬಾವಲಿಯ ವಾಸನೆ, ಮಳೆಗಾಲ ಬಿಟ್ಟುಹೋದ ಪಾಚಿ. ಕಲ್ಲಿನ ಮುಂದೆ ಕುಳಿತೆವು. ಮೊದಲು ಏನೂ ಕಾಣಲಿಲ್ಲ. ಬರಿಯ ಒರಟು ಮೈ. ನಮ್ಮ ಕಣ್ಣೂ ಗುರುಗಳ ಕಣ್ಣಿನ ಹಾದಿ ಹಿಡಿದಿದೆ. ಸ್ನೇಹಿತರು ಪಕ್ಕದಿಂದ ಟಾರ್ಚು ಹಿಡಿದರು. ಓರೆಯಾಗಿ ಬೆಳಕು ಬಿದ್ದೊಡನೆ ಸಾಲುಗಳು ಒಂದೊಂದಾಗಿ ಎದ್ದವು.

"ಶ್ರೀ" ಎಂದು ಓದಿದವಳು ಹುಡುಗಿ. ಬೆರಳಿಟ್ಟು ತೋರಿಸಿದಳು. ಅವಳ ಬೆರಳ ಮೇಲೆ ನಮ್ಮ ಬೆರಳಿಟ್ಟು ತಡವಿದೆವು. ದುಂಡಗಿದ್ದವು. ಅಂದು ನಾವು ಹೇಳಿದಷ್ಟು ದೊಡ್ಡವಲ್ಲ. ಚಿಕ್ಕವು, ಒತ್ತೊತ್ತಾಗಿ ಕಂಡರಿಸಿದವು, ಕೆಲವೆಡೆ ಸವೆದು ಹೋದವು. ಓದಬಲ್ಲಷ್ಟನ್ನು ಗಟ್ಟಿಯಾಗಿ ಓದಿದೆವು, ಪಾಠ ಒಪ್ಪಿಸುವ ಹುಡುಗನ ಹಾಗೆ. ಎರಡು ಕಡೆ ತಡವರಿಸಿದೆವು. ಸ್ನೇಹಿತರು ಯಾಕೆಂದು ಕೇಳಲಿಲ್ಲ.

ಹೊರಗೆ ಬಂದಾಗ ತೋಟದ ನೆತ್ತಿಯ ಮೇಲೆ ಬಿಸಿಲು ಕೆಂಪಾಗಿತ್ತು. ಸಿದ್ದಾಪುರದ ಬಸ್ಸಿಗೆ ಇನ್ನೂ ಅರ್ಧ ಗಂಟೆ. ರಸ್ತೆಗೆ ಹೋಗುವ ಕೊನೆಯ ದಣಪೆಯನ್ನು ದಾಟಿ, ಹುಡುಗಿ ಮುಂದೆ ಓಡಿಬಿಟ್ಟಿದ್ದರಿಂದ, ಗಳುಗಳನ್ನು ಈ ಸಲ ನಾವೇ ಹಾಕಿದೆವು.