ಪಂಪು ಫ್ರಿಜ್ಜಿನ ಮೇಲೇ ಇರಲಿ

ಸಕ್ಕರೆ ಕಾಯಿಲೆಯನ್ನು ನಮ್ಮವರು ಮುಚ್ಚಿಡುವುದಿಲ್ಲ. ಮದುವೆ ಊಟದಲ್ಲಿ ಹೋಳಿಗೆ ಬಡಿಸಲು ಬಂದವನಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಶುಗರ್ ಉಂಟು, ಬೇಡ" ಎನ್ನುತ್ತಾರೆ. ಬಿ.ಪಿ.ಯವರು ಉಪ್ಪಿನಕಾಯಿ ಬೇಡವೆನ್ನುತ್ತಾರೆ, ಮಂಡಿನೋವಿನವರು ಕುರ್ಚಿ ಕೇಳಿ ತರಿಸಿಕೊಳ್ಳುತ್ತಾರೆ. ಮುಂಬಯಿಯ ಚೆಂಬೂರಿನಲ್ಲಿ ಯಾವುದೇ ಕನ್ನಡ ಕಾರ್ಯಕ್ರಮ ಮುಗಿದು ಕಾಫಿಗೆ ನಿಂತಾಗ ಯಾರ ಸಕ್ಕರೆ ಎಷ್ಟಕ್ಕೆ ಏರಿದೆ, ಯಾರು ಯಾವ ಡಾಕ್ಟರನ್ನು ಬದಲಾಯಿಸಿದರು ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ಉಬ್ಬಸದ ಸುದ್ದಿ ಮಾತ್ರ ಹಾಗೆ ಕಿವಿಗೆ ಬೀಳುವುದಿಲ್ಲ. ಉಬ್ಬಸದವರು ಮೆಲ್ಲನೆ ಎದ್ದು ಹೊರಗಿನ ಪ್ಯಾಸೇಜಿಗೆ ಹೋಗುತ್ತಾರೆ. ಗೋಡೆಗೆ ಮುಖ ಮಾಡಿ ಎರಡು ಸಲ ಪಂಪು ಎಳೆದು, ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತಳ್ಳಿ ಬಂದು ಕೂರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ ಫೋನ್ ಬಂದಿತ್ತು ಎನ್ನುತ್ತಾರೆ.

ಹೀಗೆ ಎದ್ದು ಹೋಗುವವರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಭುಜ ಎರಡೂ ತುಸು ಮೇಲೆದ್ದಿರುತ್ತವೆ, ಮಾತು ಅರ್ಧ ವಾಕ್ಯಕ್ಕೇ ನಿಲ್ಲುತ್ತಿರುತ್ತದೆ.

ನನ್ನ ಉಬ್ಬಸವನ್ನು ಚೆಂಬೂರಿನ ಗಾಳಿಯ ತಲೆಗೆ ಕಟ್ಟುವ ಹಾಗಿಲ್ಲ. ಅದು ಕುಂದಾಪುರದ ಕಡೆಯ ನಮ್ಮ ಹಳ್ಳಿಯಿಂದಲೇ ಜೊತೆಗೆ ಬಂದದ್ದು. ಆಷಾಢದ ಮಳೆ ಹಿಡಿದರೆ ಬಟ್ಟೆ ಒಣಗದು, ಗೋಡೆಗೆ ಬೂಷ್ಟು ಏರುತ್ತದೆ, ಹಾಸಿಗೆಯೆಲ್ಲ ಕಮಟು. ಅಂಥ ರಾತ್ರಿಗಳಲ್ಲಿ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು ಶುರುವಾಗುತ್ತಿತ್ತು. ಅಮ್ಮಮ್ಮ ನನ್ನನ್ನು ಮಲಗಲು ಬಿಡದೆ, ದಿಂಬು ಒಟ್ಟಿ ಮುಂದಕ್ಕೆ ಬಾಗಿಸಿ ಕೂರಿಸಿ, ತಾನೂ ಕೂತೇ ಬೆಳಗು ಮಾಡುತ್ತಿದ್ದಳು. ಉಬ್ಬಸದವರನ್ನು ಅಂಗಾತ ಮಲಗಿಸಬಾರದೆಂದು ಅವಳಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ದೊಡ್ಡಪ್ಪನಿಗೂ ಇದೇ ಕಾಯಿಲೆ. ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಅವರು ಹೈದರಾಬಾದಿಗೆ ಹೊರಡುತ್ತಿದ್ದರು. ಅಲ್ಲಿ ಬತ್ತಿನಿ ಮನೆತನದವರು ಜೀವಂತ ಮರಿಮೀನಿನ ಬಾಯಲ್ಲಿ ಹಳದಿ ಮದ್ದನ್ನಿಟ್ಟು ಗಂಟಲಿಗೆ ಇಳಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಅದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ, ದೊಡ್ಡಪ್ಪನಿಗೆ ಅದರಿಂದ ಗುಣವೂ ಆಗಲಿಲ್ಲ. ಆದರೂ ಆ ಉದ್ದದ ಸಾಲಿನಲ್ಲಿ ನಿಂತವರನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಉಸಿರಿಗಾಗಿ ರಾತ್ರಿಯಿಡೀ ಕಾದವರು ಎಷ್ಟು ದೂರ ಬೇಕಾದರೂ ಹೋಗುತ್ತಾರೆ.

ಉಬ್ಬಸವಿಲ್ಲದವರು ಇದನ್ನು ಉಸಿರು ಎಳೆದುಕೊಳ್ಳಲಾಗದ ಕಾಯಿಲೆ ಎಂದುಕೊಂಡಿರುತ್ತಾರೆ. ನಿಜವಾದ ಕಷ್ಟ ಇರುವುದು ಬಿಡುವುದರಲ್ಲಿ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ, ಅದರ ಮೇಲೆ ಇನ್ನೊಂದು ಉಸಿರು, ಮತ್ತೆ ಇನ್ನೊಂದು. ಶ್ವಾಸನಾಳದ ಒಳಗೋಡೆ ಬಾತು, ಸುತ್ತಲಿನ ಸ್ನಾಯು ಬಿಗಿದು ದಾರಿ ಕಿರಿದಾಗಿರುತ್ತದೆ. ನಳಿಗೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ಸ್ವಲ್ಪವೇ ಹೆಚ್ಚಿದೆ ಎನ್ನುವಷ್ಟರಲ್ಲಿ ಕೈಮೀರಿ ಹೋಗುವುದು ಇದರಿಂದಲೇ. ಬೆಳಗಿನ ಜಾವ ನಾಲ್ಕರ ಆಸುಪಾಸು ಅತಿ ಕೆಟ್ಟ ಹೊತ್ತು. ಉರಿಯೂತವನ್ನು ಹದ್ದಿನಲ್ಲಿಡುವ ಕಾರ್ಟಿಸಾಲ್ ರಾತ್ರಿ ತಗ್ಗಿರುತ್ತದೆ, ಶ್ವಾಸನಾಳ ಆ ಹೊತ್ತಿಗೆ ತಾನಾಗಿಯೇ ಕಿರಿದಾಗುತ್ತದೆ. ಹಗಲು ಡಾಕ್ಟರ ಮುಂದೆ ಕೂತಾಗ ಎದೆ ಸ್ವಚ್ಛವಾಗಿರುತ್ತದೆ. "ನೋಡಿ, ಏನೂ ಇಲ್ಲವಲ್ಲ" ಎಂದು ಜೊತೆಗೆ ಬಂದವರು ಹೇಳಿದಾಗ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು.

ನನ್ನ ಮದುವೆಯ ಮಾತು ನಡೆದಾಗ ಸಂಬಂಧಿಕರೆಲ್ಲ ಒಂದೇ ಸಲಹೆ ಕೊಟ್ಟರು: ಹುಡುಗನ ಕಡೆಯವರಿಗೆ ಹೇಳುವುದು ಬೇಡ, ಮುಂಬಯಿ ಹವೆಗೆ ತಾನೇ ಸರಿಹೋಗುತ್ತದೆ. ಅಮ್ಮ ಕೇಳಲಿಲ್ಲ. ಡಾ. ಅನುಪಮಾ ನಿರಂಜನ ಅವರ ಪುಸ್ತಕಗಳನ್ನು ಓದಿದ್ದ ಹೆಂಗಸು ಅವಳು. ಮೈಯ ವಿಷಯವನ್ನು ನೇರವಾಗಿ ಮಾತಾಡುವುದು ಮರ್ಯಾದೆಗೇಡಲ್ಲ ಎಂಬುದನ್ನು ಅಲ್ಲಿಂದ ಕಲಿತಿದ್ದಳು. ನೋಡಲು ಬಂದವರ ಮುಂದೆ ಶಿರಾ ತಟ್ಟೆ ಇಟ್ಟ ಮೇಲೆ ಎರಡನೆಯ ಮಾತಾಗಿ ಅದನ್ನೇ ಹೇಳಿದಳು. ಆ ಮಾತಿಗೆ ಹಿಂದೆ ಒಂದು ಸಂಬಂಧ ತಪ್ಪಿಯೂ ಇತ್ತು. ಇವರು ಒಪ್ಪಿದರು.

ಹೀಗೆ ತಿಲಕ್ ನಗರದ ಹಳೆಯ ಬಿಲ್ಡಿಂಗಿನ ಎರಡು ಕೋಣೆಗಳಿಗೆ ಬಂದೆ. ಒಪ್ಪಿಕೊಂಡ ಮನೆಯಾದರೂ ಪಂಪನ್ನು ನಾನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಹೊಸ ಮನೆ, ಹೊಸ ಜನ. ಒಂದು ರಾತ್ರಿ ಉಸಿರು ಕಟ್ಟಿದಾಗ ಎದ್ದು ಕತ್ತಲಲ್ಲಿ ಟ್ರಂಕು ತಡಕುತ್ತಿದ್ದೆ. ಅತ್ತೆ ದೀಪ ಹಾಕಿದರು. ಏನೂ ಕೇಳದೆ ತಾವೇ ಟ್ರಂಕಿನೊಳಗೆ ಕೈಹಾಕಿ ಪಂಪನ್ನು ಹುಡುಕಿ ಕೊಟ್ಟು, ನನ್ನ ಉಸಿರು ಹಿಡಿತಕ್ಕೆ ಬರುವ ತನಕ ಪಕ್ಕದಲ್ಲೇ ಕೂತಿದ್ದರು. ಬೆಳಗ್ಗೆ ಅದನ್ನು ತೊಳೆದು ಒರೆಸಿ ಫ್ರಿಜ್ಜಿನ ಮೇಲೆ, ಹಾಲಿನ ಕೂಪನ್ ಇಡುವ ಸ್ಟೀಲ್ ಡಬ್ಬಿಯ ಪಕ್ಕ ಇಟ್ಟರು. "ಇದು ಇಲ್ಲೇ ಇರ್ಲಿ ಮಗಾ. ರಾತ್ರಿ ಕರೆಂಟ್ ಹೋದ್ರೂ ಕೈಗೆ ಸಿಗ್ಬೇಕು. ನಿಂಗೆ ಏಳ್ಲಿಕ್ಕಾಗದಿದ್ರೆ ನಮ್ಗಾದ್ರೂ ಗೊತ್ತಿರ್ಬೇಕು." ನೆಂಟರು ಬಂದಾಗ, ಅರಿಶಿನ ಕುಂಕುಮಕ್ಕೆ ಹೆಂಗಸರು ಸೇರಿದಾಗ ನಾನು ಅದನ್ನು ತೆಗೆಯಹೋದರೆ ಗದರುತ್ತಿದ್ದರು. ಯಾರಾದರೂ ಅದೇನೆಂದು ಕೇಳಿದರೆ "ಸೊಸೆಯ ಮದ್ದು" ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದರು. ಅತ್ತೆ ಶಾಲೆಗೆ ಹೆಚ್ಚು ಹೋದವರಲ್ಲ. ಉಬ್ಬಸದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ವೈದ್ಯಕೀಯ ಸಲಹೆ ಅದು ಎಂದು ಈಗಲೂ ನಂಬಿದ್ದೇನೆ.

ಏಕೆಂದರೆ ಅಡಗಿಸಿಟ್ಟ ಕಾಯಿಲೆಗೆ ದಿನನಿತ್ಯ ಮದ್ದು ತೆಗೆದುಕೊಳ್ಳಲಾಗದು. ಉಬ್ಬಸಕ್ಕೆ ಎರಡು ಬಗೆಯ ಪಂಪುಗಳಿವೆ. ಒಂದು, ಕಟ್ಟಿದ ಉಸಿರನ್ನು ಆ ಕ್ಷಣಕ್ಕೆ ಬಿಡಿಸುವಂಥದು. ಸಾಲ್ಬುಟಮಾಲ್ ಇರುವ ನೀಲಿ ಪಂಪು. ಇನ್ನೊಂದು, ಒಳಗಿನ ಬಾವನ್ನೇ ಇಳಿಸುವ ಸ್ಟೀರಾಯ್ಡಿನದು. ಅದನ್ನು ಏನೂ ತೊಂದರೆ ಇಲ್ಲದ ದಿನವೂ ತಪ್ಪದೆ ಎಳೆಯಬೇಕು, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಅಂದರೆ ಅದಕ್ಕೆ ಮನೆಯಲ್ಲಿ ಒಂದು ಜಾಗ ಬೇಕು, ದಿನದಲ್ಲಿ ಒಂದು ಹೊತ್ತು ಬೇಕು, ನಾಲ್ಕು ಜನರ ಕಣ್ಣಿಗೆ ಬೀಳುವುದಕ್ಕೆ ಸಿದ್ಧವಿರಬೇಕು. ಮುಚ್ಚಿಡುವವರ ಪಾಲಿಗೆ ಉಳಿಯುವುದು ಮುಷ್ಟಿಯಲ್ಲಿ ಅಡಗುವ ನೀಲಿ ಪಂಪು ಒಂದೇ. ಬಾವು ಒಳಗೊಳಗೇ ಬೆಳೆಯುತ್ತದೆ, ನೀಲಿಯದು ಎರಡರಿಂದ ನಾಲ್ಕಾಗುತ್ತದೆ, ನಾಲ್ಕರಿಂದ ಎಂಟಾಗುತ್ತದೆ. ಜಗತ್ತಿನ ಉಬ್ಬಸ ತಜ್ಞರ ಕೂಟವಾದ 'ಜೀನಾ' 2019ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ದೊಡ್ಡವರಾಗಲಿ ಹದಿಹರೆಯದವರಾಗಲಿ, ಬರೀ ನೀಲಿ ಪಂಪಿನ ಮೇಲೆ ಬದುಕುವುದು ಸಲ್ಲದು.

ಪಂಪು ಹಿಡಿದರೆ ಸಾಯುವ ತನಕ ಬಿಡಲಾಗದು ಎಂಬ ಮಾತನ್ನು ನಾನು ಅಕ್ಕಪಕ್ಕದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬಿಡಲಾಗದಿರುವುದು ಕಾಯಿಲೆಯನ್ನು, ಪಂಪನ್ನಲ್ಲ. ಸ್ಟೀರಾಯ್ಡ್ ಎಂದೊಡನೆ ಮುಖ ಊದಿಕೊಂಡವರ ಕಥೆ ಹೇಳುತ್ತಾರೆ. ಅದು ಮಾತ್ರೆಯ ಕಥೆ. ಮಾತ್ರೆಯನ್ನು ಮಿಲಿಗ್ರಾಂನಲ್ಲಿ ಅಳೆಯುತ್ತಾರೆ, ಪಂಪಿನ ಮದ್ದನ್ನು ಮೈಕ್ರೊಗ್ರಾಂನಲ್ಲಿ, ಮತ್ತು ಅದು ಹೋಗಬೇಕಾದ ಕಡೆಗೇ ಹೋಗುತ್ತದೆ. ಹೋಗಬೇಕಾದರೆ ಎಳೆಯುವ ಕ್ರಮ ಗೊತ್ತಿರಬೇಕು: ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿ ಮಾಡಿ, ಉಸಿರು ನಿಧಾನವಾಗಿ ಎಳೆಯತೊಡಗಿದ ಕೂಡಲೇ ಒತ್ತಿ, ಹತ್ತು ಎಣಿಸುವ ತನಕ ತಡೆದು ಬಿಡಬೇಕು. ಗಡಿಬಿಡಿಯಲ್ಲಿ ಎಳೆದರೆ ಮದ್ದು ಗಂಟಲಿಗಷ್ಟೇ ಹೋಗುತ್ತದೆ. ಮಕ್ಕಳಿಗೂ ಮುದುಕರಿಗೂ ಸ್ಪೇಸರ್ ಎಂಬ ಕೊಳವೆ ಜೋಡಿಸಿದರೆ ಸುಲಭ. ಪ್ಯಾಸೇಜಿನಲ್ಲಿ ಗೋಡೆಗೆ ಮುಖ ಮಾಡಿ, ಯಾರಾದರೂ ಬಂದಾರೆಂಬ ಭಯದಲ್ಲಿ ಎಳೆದವರಿಗೆ ಈ ನಿಧಾನ ಎಲ್ಲಿಂದ ಬರಬೇಕು?

ಈ ಪಂಪು ಹುಟ್ಟಿದ್ದೇ ಒಬ್ಬ ಹುಡುಗಿಯ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸಿನ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಉಬ್ಬಸದ ಮಗಳು, ತಲೆಗೂದಲಿಗೆ ಹೊಡೆಯುವ ಸ್ಪ್ರೇಯ ಹಾಗೆ ನನ್ನ ಮದ್ದನ್ನೂ ಡಬ್ಬಿಯಲ್ಲಿ ತುಂಬಲಾಗದೇ ಎಂದು ಕೇಳಿದಳಂತೆ. ಮರುವರ್ಷವೇ ಪಂಪು ಮಾರುಕಟ್ಟೆಗೆ ಬಂತು. ಆ ಮಗು ತನ್ನ ಕಷ್ಟವನ್ನು ಅಪ್ಪನಿಗೆ ಹೇಳಿಕೊಂಡಿತು. ನಮ್ಮ ಹುಡುಗಿಯರ ಬಾಯಿಯನ್ನು ಅಪ್ಪ ಅಮ್ಮಂದಿರೇ ಮುಚ್ಚಿಸುತ್ತಾರೆ.

ಚೆಂಬೂರಿನ ಗಾಳಿಯ ಮಾತಿಗೆ ಬರುತ್ತೇನೆ. ತೈಲ ಶುದ್ಧೀಕರಣ ಘಟಕಗಳು, ರಸಗೊಬ್ಬರ ಕಾರ್ಖಾನೆ, ವಿದ್ಯುತ್ ಸ್ಥಾವರ, ದೇವನಾರಿನ ಕಸದ ಗುಡ್ಡ, ಎಲ್ಲವೂ ನಮ್ಮ ದಕ್ಷಿಣಕ್ಕೂ ಪೂರ್ವಕ್ಕೂ ಹರಡಿವೆ. ಇಲ್ಲಿನವರು ಚೆಂಬೂರನ್ನು 'ಗ್ಯಾಸ್ ಚೇಂಬರ್' ಎಂದು ಕರೆಯತೊಡಗಿ ದಶಕಗಳಾದವು. ದೇವನಾರಿನಲ್ಲಿ ಕಸ ಸುರಿಯುವುದು 1927ರಿಂದ ನಡೆದುಬಂದಿದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತ್ತು, ಸುತ್ತಲಿನ ಶಾಲೆಗಳನ್ನು ಮುಚ್ಚಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ಕಿಟಕಿಗಳಿಗೆ ಒದ್ದೆ ಬೆಡ್‌ಶೀಟ್ ಕಟ್ಟಿಕೊಂಡು ಕೂತಿದ್ದೆವು. ಆ ದಿನಗಳಲ್ಲಿ ಮೊದಲ ಬಾರಿ ಗೊತ್ತಾಯಿತು: ಕೆಳಗಿನ ಮಹಡಿಯ ನಿವೃತ್ತ ಮೇಷ್ಟ್ರಲ್ಲೂ ಪಂಪು ಇದೆ, ಎದುರು ಮನೆಯ ಕಾಲೇಜು ಹುಡುಗಿಯಲ್ಲೂ ಇದೆ. ಒಂದೇ ಲಿಫ್ಟಿನಲ್ಲಿ ವರ್ಷಗಟ್ಟಲೆ ಹತ್ತಿಳಿದಿದ್ದರೂ ಒಬ್ಬರದು ಒಬ್ಬರಿಗೆ ತಿಳಿದಿರಲಿಲ್ಲ.

ತೈಲ ಘಟಕಗಳ ಪಕ್ಕದಲ್ಲೇ ಇರುವ ಮಾಹುಲ್ ಮತ್ತು ಅಂಬಾಪಾಡಾದವರು ಹಾಗೆ ಸುಮ್ಮನಿರಲಿಲ್ಲ. ಕೆಇಎಂ ಆಸ್ಪತ್ರೆಯವರು ಅಲ್ಲಿ ಸಮೀಕ್ಷೆ ಮಾಡಿದಾಗ ಶೇ 67.1ರಷ್ಟು ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಏದುಸಿರು ಬರುತ್ತದೆಂದು ಹೇಳಿದರು. ಹೇಳಿದ್ದರಿಂದ ಅದು ಲೆಕ್ಕಕ್ಕೆ ಬಂತು, 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅವರ ದೂರಿನಲ್ಲಿ ಹುರುಳಿದೆ ಎಂದಿತು. ತಾನ್ಸಾ ಪೈಪ್‌ಲೈನ್ ಪಕ್ಕದಿಂದ ಎಬ್ಬಿಸಿದ ಕುಟುಂಬಗಳನ್ನು ಮಾಹುಲ್‌ನಲ್ಲಿ ಬಲವಂತವಾಗಿ ಇರಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದ್ದೂ ಇದರ ಮುಂದುವರಿಕೆಯೇ.

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ನಡೆದದ್ದನ್ನು ಓದಿದಾಗಿನಿಂದ ನನಗೆ ಹೀಗೆ ಹೇಳಿಕೊಳ್ಳುವುದರ ಬೆಲೆ ಇನ್ನಷ್ಟು ತಿಳಿದಿದೆ. 1981ರಿಂದ 1987ರವರೆಗೆ ಆ ಊರಿನಲ್ಲಿ ಕೆಲವು ದಿನ ಇದ್ದಕ್ಕಿದ್ದ ಹಾಗೆ ಹತ್ತಾರು ಜನ ಒಟ್ಟಿಗೇ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡುತ್ತಿದ್ದರು. ಕೆಲವರು ತೀರಿಕೊಂಡರು. ಕಾರಣ ಯಾರಿಗೂ ಹೊಳೆಯದು. ಕೊನೆಗೆ ವೈದ್ಯರು ತುರ್ತುಚಿಕಿತ್ಸೆಗೆ ಬಂದವರ ದಿನ, ಹೊತ್ತು, ಮನೆ ಎಲ್ಲಿ ಎಂಬುದನ್ನು ಒಂದೊಂದಾಗಿ ಗುರುತು ಹಾಕಿ ಬಂದರಿನ ದಿನಚರಿಯ ಜೊತೆ ಹೊಂದಿಸಿ ನೋಡಿದರು. ಹಡಗಿನಿಂದ ಸೋಯಾ ಅವರೆ ಇಳಿಸಿದ ದಿನಗಳವು. ಗೋದಾಮಿನ ಸೈಲೊಗೆ ಧೂಳು ತಡೆಯುವ ಫಿಲ್ಟರ್ ಇರಲಿಲ್ಲ. ಫಿಲ್ಟರ್ ಹಾಕಿದ ಮೇಲೆ ಹಾವಳಿ ನಿಂತಿತು. ರೋಗಿಗಳು ಯಾವ ಹೊತ್ತಿಗೆ ಉಸಿರು ಕಟ್ಟಿತೆಂದು ಬರೆಸಿದ್ದರಿಂದ ಒಂದು ಊರು ಉಳಿಯಿತು.

ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪೀಕ್ ಫ್ಲೋ ಮೀಟರ್ ಎಂದರೆ ಅಂಥ ದುಬಾರಿ ವಸ್ತುವಲ್ಲ. ಪ್ಲಾಸ್ಟಿಕ್ ಕೊಳವೆ, ಜೋರಾಗಿ ಊದಿದರೆ ಮುಳ್ಳು ಏರಿ ಒಂದು ಅಂಕಿಯಲ್ಲಿ ನಿಲ್ಲುತ್ತದೆ. ನನಗೆ 380 ಬಂದರೆ ಒಳ್ಳೆಯ ದಿನ, 300ಕ್ಕೆ ಇಳಿದರೆ ಎಚ್ಚರ. ಬೆಳಗ್ಗೆ ಸಂಜೆಯ ಅಂಕಿ, ಎದ್ದ ವಾಸನೆ, ಗಾಳಿಯ ದಿಕ್ಕು, ಅಗರಬತ್ತಿ ಹಚ್ಚಿದ್ದರೆ ಅದು, ಮೆಣಸು ಹುರಿದಿದ್ದರೆ ಅದೂ ಬರೆಯುತ್ತೇನೆ. ಛೆಡ್ಡಾ ನಗರದ ಮುರುಗನ್ ಗುಡಿಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದ ದಿನ ಅದನ್ನೂ ಬರೆಯುತ್ತೇನೆ.

ಈಚಿನ ಪುಟಗಳಲ್ಲಿ ಅಂಕಿ ಇಳಿದದ್ದೆಲ್ಲ ನಮ್ಮ ಹಿಂಬದಿಯ ಬಿಲ್ಡಿಂಗ್ ಕೆಡವಿದ ವಾರಗಳಲ್ಲಿ. ತಿಲಕ್ ನಗರ, ಸುಭಾಷ್ ನಗರದ ಕಡೆ ಈಗ ಎಲ್ಲಿ ನೋಡಿದರೂ ರೀಡೆವಲಪ್‌ಮೆಂಟ್. ಕಟ್ಟಡ ಕೆಡವುವ, ಕಟ್ಟುವ ಜಾಗದ ಸುತ್ತ ಎತ್ತರದ ತಗಡಿನ ಮರೆ, ಹಸಿರು ಬಟ್ಟೆ, ನೀರು ಚಿಮುಕಿಸುವ ವ್ಯವಸ್ಥೆ ಇರಲೇಬೇಕೆಂದು ಮಹಾನಗರ ಪಾಲಿಕೆ 2023ರ ಅಕ್ಟೋಬರ್‌ನಲ್ಲಿ ನಿಯಮ ಮಾಡಿದೆ. ಮಳೆಗಾಲ ಮುಗಿದ ಮೇಲೆ ನಮ್ಮ ಪಕ್ಕದ ಬಿಲ್ಡಿಂಗನ್ನೂ ಕೆಡವುತ್ತಾರೆ. ಸೊಸೈಟಿ ಮೀಟಿಂಗಿನಲ್ಲಿ ನೋಟ್‌ಬುಕ್ ತೆಗೆದು ಓದಿದೆ. ಮೇಷ್ಟ್ರು ತಮ್ಮದೂ ಒಂದು ಪುಟ ಸೇರಿಸುತ್ತೇನೆಂದರು. ಎದುರು ಮನೆಯ ಹುಡುಗಿಯ ತಾಯಿ ಮೊದಲು ತಲೆ ತಗ್ಗಿಸಿ ಕೂತಿದ್ದರು. ಮಗಳಿಗೆ ಈಗ ಸಂಬಂಧ ನೋಡುತ್ತಿದ್ದಾರೆ. ಹುಡುಗಿಯೇ ಎದ್ದು ನಿಂತು, "ಆಂಟಿ, ನನ್ನ ಹೆಸರೂ ಬರೀರಿ. ರಾತ್ರಿ ಎಷ್ಟು ಗಂಟೆಗೆ ಅಂತ ನಾನು ಫೋನಲ್ಲಿ ಇಟ್ಟಿದ್ದೀನಿ" ಎಂದಳು. ಆ ನಿಯಮ ಇಲ್ಲೂ ಪಾಲನೆಯಾಗಲೆಂದು ಸೋಮವಾರ ಸೆಕ್ರೆಟರಿ, ಮೇಷ್ಟ್ರು, ನಾನು ವಾರ್ಡ್ ಆಫೀಸಿಗೆ ಅರ್ಜಿ ಕೊಡಲು ಹೋಗುತ್ತಿದ್ದೇವೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅವಳೂ ಬರುತ್ತಾಳೆ.